ಹವಾಮಾನ ಹೇಳುವ ಇಂಗ್ಲಿಷಮ್ಮ

ಸ್ಪೇನಿನ ಗುಡ್ಡಗಾಡಿನ ವಾಲ್ದೆಸಿಯೆರ್ಸೊ ಊರಿನವರು ವಿಸಿಗೆ ಇಟ್ಟ ಅಡ್ಡಹೆಸರು ಇಂಗ್ಲಿಷಮ್ಮ. ಅವಳೇನು ಪರದೇಶದವಳಲ್ಲ. ಹುಟ್ಟಿದ್ದು ಅದೇ ಊರಿನ ಕೆಳಗೇರಿಯಲ್ಲಿ. ಅಪ್ಪ ಕಂಡವರ ಕುರಿ ಕಾಯುತ್ತಿದ್ದ, ಅವ್ವ ಕಂಡವರ ಬಟ್ಟೆ ಒಗೆಯುತ್ತಿದ್ದಳು. ವಿಸಿತಾಸಿಯೋನ್ ಗಸ್ಕೋನ್ ಎಂಬ ಉದ್ದ ಹೆಸರನ್ನು ಹೆಸರಿಟ್ಟ ದಿನ ಪಾದ್ರಿ ಪೂರ್ತಿ ಕರೆದದ್ದೇ ಕೊನೆ, ಆಮೇಲೆ ಎಲ್ಲರ ಬಾಯಲ್ಲೂ ಬರೀ ವಿಸಿ. ಹತ್ತೊಂಬತ್ತು ತುಂಬುವ ಮೊದಲೇ ಇಂಗ್ಲೆಂಡಿನ ಲೀಡ್ಸ್ ನಗರದ ಆಸ್ಪತ್ರೆಯೊಂದರ ಲಾಂಡ್ರಿಗೆ ಕೂಲಿಗೆ ಹೋದಳು. ಎರಡು ವರ್ಷ ದುಡಿದು ಬರುತ್ತೇನೆ ಎಂದು ಹೋದವಳಿಗೆ ನಲವತ್ತು ವರ್ಷ ದಾಟಿದರೂ ಬರಲಾಗಲಿಲ್ಲ. ಅಲ್ಲೇ ಕ್ಯಾಂಟೀನಿನಲ್ಲಿ ಅಡಿಗೆ ಮಾಡುತ್ತಿದ್ದ ಫೌಸ್ತೀನೊ ಎಂಬ ತನ್ನ ದೇಶದವನನ್ನೇ ಕಟ್ಟಿಕೊಂಡಳು. ಮಕ್ಕಳಾಗಲಿಲ್ಲ. ಅವನು ಸತ್ತ ಮೇಲೆ ಆ ಊರಿನಲ್ಲಿ ತನಗೇನು ಕೆಲಸ ಎಂದು ಎರಡು ಪೆಟ್ಟಿಗೆ ಹಿಡಿದು ವಾಪಸು ಬಂದು ಅಪ್ಪನ ಮನೆಯ ಬೀಗ ತೆಗೆದಳು.

ಬಂದ ಮೇಲೆ ಗೊತ್ತಾಯಿತು, ಊರು ಅವಳಿಗಾಗಿ ಜಾಗ ಖಾಲಿ ಇಟ್ಟುಕೊಂಡು ಕೂತಿರಲಿಲ್ಲ. ಬಾರಿನಲ್ಲಿ ಬಾಯಿ ಬಿಟ್ಟರೆ ಸಾಕು, ನಿಮ್ಮ ಇಂಗ್ಲೆಂಡಿನಲ್ಲಿ ಹಾಗಿರಬಹುದಮ್ಮ ಎಂದು ಯಾರಾದರೂ ಮಾತು ಕತ್ತರಿಸುತ್ತಿದ್ದರು. ದ್ರಾಕ್ಷಿ ಬಳ್ಳಿ ಸವರುವುದರಿಂದ ಹಿಡಿದು ಹಂದಿ ಕೊಯ್ಯುವುದರವರೆಗೆ ಯಾವುದಕ್ಕೂ ಅವಳನ್ನು ಒಂದು ಮಾತು ಕೇಳಿದವರಿಲ್ಲ. ಅವಳೂ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದಳು.

ಅಂಥವಳ ಮನೆಗೆ ಒಂದು ದಿನ ಊರಿನ ಮೇಯರ್ ಎದೆಲ್‌ಮೀರಾ ತಾನಾಗಿ ಬಂದಳು. ಮೇಯರ್ ಎಂದರೆ ಕಾರು, ಜವಾನ ಎಂದುಕೊಳ್ಳಬೇಡಿ. ಬಾರು ನಡೆಸುವವಳೂ ಅವಳೇ, ಬೀದಿ ದೀಪದ ಬಲ್ಬು ಬದಲಿಸುವವಳೂ ಅವಳೇ. ಅವಳು ಬಂದದ್ದು ಶಾಲೆಯ ವಿಚಾರಕ್ಕೆ.

ಊರಿನ ಶಾಲೆಗೆ ಒಂದು ಕೋಣೆ, ಒಬ್ಬಳು ಟೀಚರು, ಮೂವರು ಮಕ್ಕಳು. ಐದಕ್ಕಿಂತ ಕಡಿಮೆಯಾದರೆ ಬೀಗ ಎಂದು ಮೇಲಿನವರು ಎರಡು ವರ್ಷದ ಕೆಳಗೆ ಹೇಳಿಕಳಿಸಿದ್ದರು. ಆಗ ಊರು ಸುಮ್ಮನೆ ಕೂತಿರಲಿಲ್ಲ. ಶಾಲೆಯ ಬೆಂಚುಗಳನ್ನೇ ಹೊತ್ತು ತಂದು ಹೆದ್ದಾರಿಗೆ ಅಡ್ಡ ಇಟ್ಟು, ಕಂಬಳಿ ಹೊದ್ದು, ಹಿಮ ಬೀಳುತ್ತಿರುವಾಗ ಅದರ ಮೇಲೆ ಕೂತಿತು. ಮುದುಕರೇ ಹೆಚ್ಚು. ಲಾರಿಯವರು ಹಾರ್ನ್ ಹೊಡೆದು ಹೊಡೆದು ಸಾಕಾಗಿ ಇಳಿದು ಬಂದು ಅವರ ಜೊತೆ ಕಾಫಿ ಕುಡಿದರು. ಕೊನೆಗೆ ಎರಡು ವರ್ಷದ ಗಡುವು ಸಿಕ್ಕಿತು, ಅಷ್ಟೇ. ಹೋರಾಟದಲ್ಲಿ ಸಿಗುವುದು ಸಾಮಾನ್ಯವಾಗಿ ಗಡುವೇ, ಗೆಲುವಲ್ಲ. ಶಾಲೆ ಮುಚ್ಚಿದ ಊರು ಏನಾಗುತ್ತದೆ ಎಂಬುದಕ್ಕೆ ಅವರು ಪುಸ್ತಕ ಓದಬೇಕಾಗಿರಲಿಲ್ಲ, ಗುಡ್ಡದಾಚೆ ಅಂಥ ನಾಲ್ಕು ಊರುಗಳಿದ್ದವು. ಮೊದಲು ಮಕ್ಕಳ ತಂದೆತಾಯಿ ಪಟ್ಟಣಕ್ಕೆ ಹೋಗುತ್ತಾರೆ. ಆಮೇಲೆ ವಾರಕ್ಕೊಮ್ಮೆ ಬರುವ ಡಾಕ್ಟರು ತಿಂಗಳಿಗೊಮ್ಮೆ ಬರುತ್ತಾನೆ. ಬ್ರೆಡ್ಡಿನ ವ್ಯಾನು ನಿಲ್ಲುತ್ತದೆ. ಕೊನೆಗೆ ಚರ್ಚಿನ ಗಂಟೆಯನ್ನೂ ಯಾರೋ ಕದ್ದುಕೊಂಡು ಹೋಗುತ್ತಾರೆ.

ಗಡುವು ಮುಗಿಯುವುದರೊಳಗೆ ಎದೆಲ್‌ಮೀರಾ ಅಗ್ಗದ ಬಾಡಿಗೆಗೆ ಮನೆ, ಹೊಳೆ ದಂಡೆಯ ತೋಟದ ನೆಲ, ಮಕ್ಕಳಿರುವವರು ಬನ್ನಿ ಎಂದು ಜಾಹೀರಾತು ಹಾಕಿದಳು. ಬಂದವರು ಇಂಗ್ಲೆಂಡಿನ ಕೆಂಟ್ ಕಡೆಯವರು. ಗಂಡ ಡೆಸ್ಮಂಡ್, ಹೆಂಡತಿ ಹೆಸ್ಟರ್, ಮಕ್ಕಳಿಬ್ಬರು. ಟೊಮೇಟೊ, ದೊಣ್ಣೆ ಮೆಣಸಿನಕಾಯಿ ಬೆಳೆದು ಪಟ್ಟಣದ ಹೋಟೆಲುಗಳಿಗೆ ಕೊಟ್ಟು ಬದುಕುವುದು ಅವರ ಲೆಕ್ಕಾಚಾರ. ಮೂರಕ್ಕೆ ಎರಡು ಸೇರಿ ಐದಾಯಿತು, ಶಾಲೆ ಉಸಿರಾಡಿತು.

"ವಿಸಿ, ಹಿಂದೆ ಬಂದಿದ್ದ ಬಾರ್ಸೆಲೋನಾದೋರು ಒಂದೇ ಚಳಿಗಾಲಕ್ಕೆ ಗಂಟುಮೂಟೆ ಕಟ್ಟಿದ್ರು, ನೋಡಿದ್ಯಲ್ಲ," ಎಂದಳು ಎದೆಲ್‌ಮೀರಾ. "ಇವರಿಗೆ ನಮ್ಮ ಹವಾಮಾನ ಅಂದ್ರೆ ಏನೂಂತ ಇಂಗ್ಲಿಷಲ್ಲಿ ತಿಳಿಸಿ ಹೇಳೇ. ಗಾಳಿ, ಮಂಜು, ಮೋಡ, ಹಿಂದಿನೋರು ಹೇಳ್ತಿದ್ದ ಮಾತು, ಎಲ್ಲಾ. ಇವರು ಹೋದ್ರೆ ಶಾಲೆ ಹೋಯ್ತು. ಶಾಲೆ ಹೋದ್ರೆ ನಾನು ಯಾತರ ಮೇಯರ್ರು, ಸ್ಮಶಾನದ ಮೇಯರ್ರು."

ವಿಸಿ ನೋಡೋಣ ಎಂದಳು. ಒಳಗೊಳಗೇ ಹಿಗ್ಗಿದ್ದನ್ನು ತೋರಿಸಿಕೊಳ್ಳಲಿಲ್ಲ.

ಅಂದಿನಿಂದ ವಾರಕ್ಕೆರಡು ದಿನ ಹೆಸ್ಟರಳ ಅಡಿಗೆಮನೆಯಲ್ಲಿ ಕೂತು ಹವಾಮಾನದ ಪಾಠ. ವಿಸಿ ಒಂದೊಂದೇ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಚೀಟಿಯಲ್ಲಿ ಬರೆಯುವಳು, ಹೆಸ್ಟರ್ ಅದನ್ನು ಬಾಗಿಲಿಗೆ ಅಂಟಿಸುವಳು. ಮೇಲುನೋಟಕ್ಕೆ ಸುಲಭದ ಕೆಲಸ. ಸಿಯೆರ್ಸೊ ಎಂದರೆ ವಾಯವ್ಯದಿಂದ ಬೀಸುವ ಗಾಳಿ, ಹಾಗೇ ಬರೆದಳು. ನಾಲ್ಕು ದಿನ ಬಿಟ್ಟು ಆ ಗಾಳಿ ಬೀಸಿ ಅವರ ನೀರಿನ ತೊಟ್ಟಿಯ ಮುಚ್ಚಳವನ್ನು ಹೊಳೆಯಾಚೆ ಎಸೆಯಿತು. ಹೆಸ್ಟರ್ ಓಡಿ ಬಂದು, ನೀವು ಹೇಳಿದ್ದು ವಾಯವ್ಯದ ಗಾಳಿ, ಇದು ಯಾವ ಗಾಳಿ ಎಂದು ಕೇಳಿದಳು. ಅದೇ ಎಂದಳು ವಿಸಿ. ಆ ಚೀಟಿ ಕಿತ್ತು, ಮೂರು ದಿನ ಬಿಡದೆ ಬೀಸುವ, ಗಂಡಹೆಂಡಿರ ನಡುವೆ ಜಗಳ ಹಚ್ಚುವ, ಮರಕ್ಕೂ ತಲೆನೋವು ತರಿಸುವ ಒಣ ಚಳಿಗಾಳಿ ಎಂದು ಬೇರೆ ಬರೆದಳು. ಒಂದು ಹೆಸರಿಗೆ ಮೂರು ಸಾಲಾಯಿತು.

ಕಾಲಬೋಬೋಸ್ ಎಂಬ ಮಳೆಗೆ ಇಂಗ್ಲಿಷಿನಲ್ಲಿ ತುಂತುರು ಎನ್ನುವ ಪದವೇನೋ ಇತ್ತು. ಆದರೆ ಇಂಗ್ಲೆಂಡಿನವರು ತುಂತುರಿನಲ್ಲಿ ನಾಯಿ ಕರೆದುಕೊಂಡು ವಾಕಿಂಗ್ ಹೋಗುತ್ತಾರೆ. ಇಲ್ಲಿ ಅದು ದಡ್ಡರನ್ನು ತೋಯಿಸುವ ಮಳೆ. ಮಳೆಯೇ ಅಲ್ಲವೆಂದು ಕೊಡೆಯಿಲ್ಲದೆ ಹೊರಟವನು ಗದ್ದೆ ಮುಟ್ಟುವಷ್ಟರಲ್ಲಿ ಚಡ್ಡಿಯವರೆಗೆ ನೆನೆದಿರುತ್ತಾನೆ. ಹೆಸ್ಟರ್ ಇದನ್ನು ಕೇಳಿ ನಕ್ಕು, ಡೆಸ್ಮಂಡನಿಗೆ ಹೇಳಿ ಮಾಡಿಸಿದ ಮಳೆ ಎಂದಳು. ಬೊಚೋರ್ನೊ ಎಂಬ ಗಾಳಿಯಾಡದ ಬೇಸಿಗೆಯ ಸೆಕೆಗೆ ಇಂಗ್ಲಿಷಿನಲ್ಲಿ ಪದವೇ ಸಿಗಲಿಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ಮಧ್ಯಾಹ್ನ ಎಲ್ಲ ಯಂತ್ರ ಒಟ್ಟಿಗೆ ಓಡುವಾಗ ಕಿಟಕಿ ಮುಚ್ಚಿದರೆ ಹೇಗಿರುತ್ತದೋ ಹಾಗೆ ಎಂದು ಬರೆದಳು. ಇನ್ನು ಮೋಡ. ಊರಿನ ಮುದುಕರು ಆಲಿಕಲ್ಲು ಎಂಬ ಮಾತನ್ನು ಬಾಯಲ್ಲಿ ಎತ್ತುವುದಿಲ್ಲ, ಎತ್ತಿದರೆ ಅದು ಕೇಳಿಸಿಕೊಂಡು ಬರುತ್ತದೆಂದು ಭಯ. ಬರೀ ಮೋಡ ಎನ್ನುತ್ತಾರೆ. ಮುದುಕನೊಬ್ಬ ಮುಖ ಗಂಟಿಕ್ಕಿ ಮೋಡ ಎಂದರೆ ಬಟ್ಟೆ, ಕೋಳಿ, ಕಾರು, ಮಕ್ಕಳು ಎಲ್ಲವನ್ನೂ ಒಳಗೆ ಹಾಕಿ ಎಂದು ದಪ್ಪಕ್ಷರದಲ್ಲಿ ಬರೆದುಕೊಟ್ಟಳು.

ಕಷ್ಟವಾದದ್ದು ಹಿಂದಿನವರ ಮಾತುಗಳು. ವರ್ಷದುದ್ದಕ್ಕೂ ಒಬ್ಬೊಬ್ಬ ಸಂತನ ಹೆಸರಿಗೂ ಒಂದೊಂದು ಮಾತು. ಇಂಥ ಸಂತನ ದಿನ ಚಳಿ ಶುರು, ಇಂಥವನ ದಿನ ಹಂದಿ ಕೊಯ್ಯಿ, ಇಂಥವಳ ದಿನ ಕೊಕ್ಕರೆ ಬಂದೀತು. ಊರಿನವರು ಅವನ್ನು ನಂಬುವುದು ಪ್ರಾಸಕ್ಕೆ. ಬಾಯಲ್ಲಿ ಹಾಡಿನಂತೆ ಉರುಳುವುದು ಸುಳ್ಳಾಗಲು ಹೇಗೆ ಸಾಧ್ಯ? ಇಂಗ್ಲಿಷಿಗೆ ಹಾಕುತ್ತಲೇ ಪ್ರಾಸ ಬಿಚ್ಚಿಕೊಂಡು ಬಿತ್ತು, ಉಳಿದದ್ದು ಔಷಧದ ಚೀಟಿ. ಜೊತೆಗೆ ಹೆಸ್ಟರಳಿಗೆ ಒಬ್ಬ ಸಂತನ ಪರಿಚಯವೂ ಇಲ್ಲ. ಬ್ಲಾಸ್ ಯಾರು, ಆಂಡ್ರೂ ಯಾವತ್ತು ಬರುತ್ತಾನೆ, ಮಾರ್ಟಿನ್ನನ ದಿನ ಯಾವ ತಿಂಗಳು ಎಂದು ಕೇಳುವಳು. ಅದಕ್ಕೇ ವಿಸಿ ಪ್ರತಿ ಸಂತನ ಎದುರಿಗೂ ತಾರೀಖು ಬರೆದಳು. ಒಬ್ಬಳಿಗೆ ಮಾತ್ರ ಬರೆಯಲಿಲ್ಲ. ಅವಳು ಸಂತ ಕಿತೇರಿಯಾ, ಊರಿನ ದೇವತೆ, ಕಾಲ ಬುಡದಲ್ಲಿ ನಾಯಿ ಕೂರಿಸಿಕೊಂಡು ಚರ್ಚಿನಲ್ಲಿ ನಿಂತವಳು. ಕಿತೇರಿಯಾ ಯಾವಾಗ ಎಂದು ವಾಲ್ದೆಸಿಯೆರ್ಸೊದಲ್ಲಿ ಕೈಗೂಸಿಗೂ ಗೊತ್ತು. ಅವಳು ದಾಟಿ ಹೋಗುವವರೆಗೆ ಎಳೆ ಸಸಿಯನ್ನು ಬಯಲಿಗೆ ನೆಡಕೂಡದೆಂಬ ಅರ್ಥ ಬರುವಂತೆ ಒಂದು ಸಾಲು ಬರೆದು ಕೊಟ್ಟಳು. ಮನೆಯ ಹೆಂಗಸಿನ ಹೆಸರಿನ ಮುಂದೆ ವಿಳಾಸ ಯಾರು ಬರೆಯುತ್ತಾರೆ?

ಮೇ ತಿಂಗಳ ಮೊದಲ ವಾರ ಕಿತೇರಿಯಾಳ ಹಬ್ಬ. ಸರಗೋಸಾದಿಂದ, ಬಾರ್ಸೆಲೋನಾದಿಂದ ಊರವರ ಮಕ್ಕಳು, ಮೊಮ್ಮಕ್ಕಳು ಬಂದರು. ಬ್ಯಾಂಡಿನವರು ಬಂದರು. ದೇವಿಯನ್ನು ಹೆಗಲ ಮೇಲೆ ಹೊತ್ತು ಊರು ಸುತ್ತಿಸಿ ತಂದರು. ಹೆಸ್ಟರ್ ಕೂಡ ಮೇಣದಬತ್ತಿ ಹಿಡಿದು ಹಿಂದೆ ನಡೆದಳು. ಹಬ್ಬದ ಮರುದಿನವೇ ವಿಸಿ ಸರಗೋಸಾಕ್ಕೆ ಹೊರಟಳು, ತಂಗಿಗೆ ಕಣ್ಣಿನ ಆಪರೇಷನ್. ಹೆಚ್ಚುಕಮ್ಮಿ ಮೂರು ವಾರ ಅವಳಿಗೆ ಗಂಜಿ ಕಾಯಿಸಿ ಹಾಕಿ ವಾಪಸು ಬಸ್ಸು ಹತ್ತಿದಳು.

ಬಸ್ಸಿಳಿದಾಗ ಎದೆಲ್‌ಮೀರಾ ಬಾರಿನ ಬಾಗಿಲಲ್ಲೇ ನಿಂತಿದ್ದಳು. ಕರಿ ಹಿಮ ಬಿದ್ದಿದೆ ಎಂದಳು. ಕರಿ ಹಿಮ ಎಂದರೆ ನೆಲದ ಮೇಲೆ ಬಿಳಿ ಕಾಣುವುದಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಎಲ್ಲ ಇದ್ದ ಹಾಗೇ ಇರುತ್ತದೆ, ಬಿಸಿಲು ಏರಿದ ಮೇಲೆ ಗಿಡ ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಜೋತುಬೀಳುತ್ತದೆ. ಇಂಗ್ಲಿಷಿನವರು ನೆಟ್ಟಿದ್ದ ಟೊಮೇಟೊ, ಮೆಣಸಿನಕಾಯಿ ಒಂದೂ ಉಳಿದಿಲ್ಲ. ಆ ಗಂಡಸು ಯಾರ ಜೊತೆಗೂ ಮಾತಾಡುತ್ತಿಲ್ಲ. ಬರುವ ವರ್ಷಕ್ಕೆ ಶಾಲೆಗೆ ಮಕ್ಕಳ ಹೆಸರು ಕೊಡಲು ಜೂನ್ ಕೊನೆಯವರೆಗೆ ಸಮಯ, ಈಗಲೇ ಕೊಡಿ ಎಂದರೆ ಮುಖ ತಿರುಗಿಸಿಕೊಂಡು ಹೋದ.

"ಹೋಗಿ ನಾಲ್ಕು ಸಮಾಧಾನದ ಮಾತು ಹೇಳು," ಎಂದಳು. "ಇಂಥದ್ದು ಐವತ್ತು ವರ್ಷಕ್ಕೊಂದು ಸಲ ಆಗೋದು ಅನ್ನು. ಯಾರ ತಪ್ಪೂ ಅಲ್ಲ ಅನ್ನು."

ಇಷ್ಟು ಬೇಗ ನೆಟ್ಟದ್ದೇಕೆ ಎಂದು ವಿಸಿ ಕೇಳಿದಳು. ಅದು ತನಗೂ ಅರ್ಥವಾಗಿಲ್ಲ ಎಂದಳು ಎದೆಲ್‌ಮೀರಾ. ನೀನು ಏನೋ ಚಳಿಗೆ ಸಸಿಯ ಮೇಲೆ ಹೊದಿಸುವ ಬಟ್ಟೆ ಗಿಟ್ಟೆ ಹೇಳಿಕೊಟ್ಟಿರಬೇಕು ಎಂದು ಊರವರು ಅಂದುಕೊಂಡರಂತೆ.

ತೋಟ ಇದ್ದದ್ದು ಹೊಳೆಯ ತಗ್ಗಿನಲ್ಲಿ. ಚಳಿ ಸಂಜೆಯಾದರೆ ಗುಡ್ಡದಿಂದ ನೀರಿನಂತೆ ಇಳಿದು ಅಲ್ಲಿ ತುಂಬಿಕೊಳ್ಳುತ್ತದೆ. ಫೋನಿನಲ್ಲಿ ಬರುವ ಹವಾಮಾನ ಜಿಲ್ಲಾಕೇಂದ್ರದ್ದು, ಅದಕ್ಕೆ ಈ ತಗ್ಗು ಗೊತ್ತಿಲ್ಲ. ಸಾಲುಸಾಲಾಗಿ ಕಟ್ಟಿದ ಕೋಲುಗಳು ನೆಟ್ಟಗಿದ್ದವು, ಕೋಲಿಗೆ ಕಟ್ಟಿದ್ದು ಸತ್ತಿತ್ತು. ಡೆಸ್ಮಂಡ್ ತೋಟದ ತುದಿಯಲ್ಲಿ ತಲೆಕೆಳಗಾದ ಬಕೆಟ್ಟಿನ ಮೇಲೆ ಕೂತಿದ್ದ. ಹೆಸ್ಟರ್ ವಿಸಿಯನ್ನು ಕಂಡವಳೇ ಒಳಗೆ ಹೋಗಿ ಬಾಗಿಲಿಂದ ಚೀಟಿಯನ್ನು ಕಿತ್ತು ತಂದು ಕೈಗಿಟ್ಟಳು.

"ನೀವು ಹೇಳಿದ ಹಾಗೇ ಮಾಡಿದ್ವಿ," ಎಂದಳು. "ಕಿತೇರಿಯಾ ದಾಟೋವರೆಗೂ ಕಾದ್ವಿ. ನಾನು ಅವಳ ಹಿಂದೆ ನಡೆದೆನಲ್ಲ, ನೀವೂ ನನ್ನ ಪಕ್ಕದಲ್ಲೇ ಇದ್ರಿ."

ವಿಸಿ ಚೀಟಿಯನ್ನು ತಿರುಗಿಸಿ ನೋಡಿದಳು, ತಾರೀಖು ಎಲ್ಲೂ ಇರಲಿಲ್ಲ. ಕಿತೇರಿಯಾಳ ದಿನ ಮೇ ಇಪ್ಪತ್ತೆರಡು. ಹಿಂದೆ ಹಬ್ಬ ನಡೆಯುತ್ತಿದ್ದದ್ದೂ ಅಂದೇ. ಊರಿನ ಅರ್ಧ ಜನ ಸರಗೋಸಾದ ಫ್ಯಾಕ್ಟರಿಗಳಿಗೆ ಹೋದ ಮೇಲೆ, ಇಪ್ಪತ್ತೆರಡಕ್ಕೆ ರಜೆ ಸಿಗುವುದಿಲ್ಲವೆಂದು ಮೆರವಣಿಗೆಯನ್ನು ಮೇ ಒಂದರ ರಜೆಗೆ ಹಿಂದಕ್ಕೆ ಸರಿಸಿದರು. ದೇವಿ ಬೇಡವೆನ್ನಲಿಲ್ಲ. ಆದರೆ ಹಿಮಕ್ಕೆ ಕಾರ್ಮಿಕರ ರಜೆಯ ಲೆಕ್ಕ ಯಾರು ಹೇಳುತ್ತಾರೆ? ಅದು ತನ್ನ ಹಳೆಯ ತಾರೀಖಿಗೇ ಬರುತ್ತದೆ. ಊರವರು ಮೇ ಒಂದಕ್ಕೆ ಕಿತೇರಿಯಾಳ ಹೆಸರಿನಲ್ಲಿ ಕುಡಿಯುತ್ತಾರೆ, ಇಪ್ಪತ್ತೆರಡು ಕಳೆದ ಮೇಲೆ ಕಿತೇರಿಯಾಳ ಹೆಸರಿನಲ್ಲಿ ನೆಡುತ್ತಾರೆ. ಇವೆರಡರ ನಡುವೆ ಮೂರು ವಾರವಿದೆ ಎಂಬುದು ಯಾರ ತಲೆಗೂ ಹೊಳೆದಿರಲಿಲ್ಲ. ವಿಸಿಯ ತಲೆಗೂ ಹೊಳೆದಿರಲಿಲ್ಲ. ಅವಳ ಸ್ವಂತ ಸಸಿಗಳು ಆ ಹೊತ್ತಿಗೂ ಮನೆಯ ಹಿತ್ತಲಿನಲ್ಲಿ ಗಾಜಿನ ಕೆಳಗಿದ್ದವು.

ಡೆಸ್ಮಂಡ್ ಎದ್ದು ಬಂದ. ಕೂಗಾಡಲಿಲ್ಲ. ಒಂದೇ ಪ್ರಶ್ನೆ ಕೇಳಿದ. ಇದು ಎಂದೋ ಒಮ್ಮೆ ಆಗುವಂಥದ್ದೋ, ಪ್ರತಿ ವರ್ಷದ್ದೋ?

ಎದೆಲ್‌ಮೀರಾ ಹೇಳಿಕೊಟ್ಟ ಉತ್ತರ ವಿಸಿಯ ನಾಲಗೆಯ ತುದಿಯಲ್ಲಿತ್ತು. ಐವತ್ತು ವರ್ಷಕ್ಕೊಮ್ಮೆ ಎಂದರೆ ಮುಗಿಯಿತು. ಇವರು ಉಳಿದಾರು, ಶಾಲೆ ಉಳಿದೀತು, ತನ್ನ ಮರ್ಯಾದೆಯೂ ಉಳಿದೀತು. ಆದರೆ ಬರುವ ವರ್ಷ ಇವರು ಮತ್ತೆ ಮೆರವಣಿಗೆಯ ಮರುದಿನ ನೆಡುತ್ತಾರೆ. ಆಗ ಏನು ಹೇಳುವುದು, ನೂರು ವರ್ಷಕ್ಕೊಮ್ಮೆ ಎಂದೇ?

"ಹೆಚ್ಚುಕಮ್ಮಿ ಪ್ರತಿ ವರ್ಷ," ಎಂದಳು. "ಇಪ್ಪತ್ತೆರಡರವರೆಗೂ ಭಯ ಇದ್ದೇ ಇರುತ್ತೆ. ಊರಿಗೆಲ್ಲಾ ಗೊತ್ತಿತ್ತು. ನನಗೂ ಗೊತ್ತಿತ್ತು. ತಾರೀಖು ಬರೆಯೋದು ಬಿಟ್ಟೋಳು ನಾನು."

ಹಬ್ಬ ಹಿಂದಕ್ಕೆ ಸರಿದ ಕತೆಯನ್ನೂ ಹೇಳಿದಳು. ಅದನ್ನು ಕೇಳುತ್ತಿದ್ದ ಹೆಸ್ಟರಳಿಗೆ ಬೇರೇನೋ ನೆನಪಾಯಿತು. ನೆಡುವಾಗ ಊರಿನ ಜನ ಒಬ್ಬೊಬ್ಬರಾಗಿ ಗೋಡೆಯ ಹತ್ತಿರ ಬಂದು ನೋಡಿ ಹೋಗಿದ್ದರಂತೆ. ಪಕ್ಕದ ತೋಟದ ಮುದುಕ ಸಿಪ್ರಿಯಾನೊ ಅಂತೂ ಎರಡು ಸಲ ಬಂದು, ಏನು, ನೆಟ್ಟೇಬಿಟ್ರಾ ಎಂದನಂತೆ. ತಾನು ಸ್ಪ್ಯಾನಿಷಿನಲ್ಲಿ ಹೌದು, ಚೆನ್ನಾಗಿದೆಯಾ ಎಂದು ಕೇಳಿದಳಂತೆ. ಅವನು ಟೋಪಿ ಮುಟ್ಟಿ ಹೋದನಂತೆ.

ವಿಸಿ ಕಣ್ಣು ಮುಚ್ಚಿಕೊಂಡಳು. ಈ ಊರಿನಲ್ಲಿ ಒಬ್ಬನ ನೆಲದಲ್ಲಿ ನಿಂತು ಅವನಿಗೆ ಬುದ್ಧಿ ಹೇಳುವುದೆಂದರೆ ಅವನಪ್ಪನನ್ನು ಬೈದ ಹಾಗೆ. ಮನೆಗೆ ಬೆಂಕಿ ಬಿದ್ದಿದ್ದರೂ, ಏನು, ಬೆಚ್ಚಗಿದೆಯಾ ಎಂದು ಕೇಳಿ ಹೋಗುವ ಜನ. ಏನು, ನೆಟ್ಟೇಬಿಟ್ರಾ ಎಂದರೆ ನಿನಗೆ ತಲೆ ಕೆಟ್ಟಿದೆಯಾ ಎಂದರ್ಥ. ಸಿಪ್ರಿಯಾನೊ ಎರಡು ಸಲ ಕೇಳಿದನೆಂದರೆ ಅವನ ಮಟ್ಟಿಗೆ ಗಂಟೆ ಬಾರಿಸಿ ಊರು ಕರೆದಂತೆ. ಅದನ್ನೂ ಅವರಿಬ್ಬರಿಗೆ ಬಿಡಿಸಿ ಹೇಳಿದಳು.

ಡೆಸ್ಮಂಡನ ಮುಖ ಆಗ ನಿಜವಾಗಿ ಕೆಂಪಾಯಿತು. "ತಾರೀಖು ತಪ್ಪಿದ್ದು ತಪ್ಪು. ಅದು ಯಾರಿಗೂ ಆಗಬಹುದು," ಎಂದ. "ಆದರೆ ಇವರೆಲ್ಲಾ ಗೊತ್ತಿದ್ದೂ ಗೋಡೆ ಮೇಲೆ ಮೊಣಕೈ ಊರಿ ನಾಟಕ ನೋಡಿದ್ರು. ಇಂಥೋರ ಮಧ್ಯೆ ನನ್ನ ಮಕ್ಕಳನ್ನ ಬೆಳೆಸಲಾ? ಹೇಳಿ ಅವರಿಗೆ. ನಾನು ಹೇಳಿದ ಹಾಗೇ ಹೇಳಿ." ಶಾಲೆಯ ರಜೆ ಶುರುವಾಗುತ್ತಲೇ ಕೆಂಟಿನಲ್ಲಿರುವ ಅಣ್ಣನ ಮನೆಗೆ ಹೋಗುವುದೆಂದು ತೀರ್ಮಾನಿಸಿದ್ದೇವೆ ಎಂದೂ ಹೇಳಿದ. ಹೆಸ್ಟರ್ ಸತ್ತ ಗಿಡಗಳನ್ನು ಒಂದೊಂದಾಗಿ ಕೋಲಿನಿಂದ ಬಿಚ್ಚತೊಡಗಿದಳು.

ಸಂಜೆ ಬಾರಿನಲ್ಲಿ ಎಲ್ಲರೂ ಇಸ್ಪೀಟಿಗೆ ಕೂತಿದ್ದರು. ವಿಸಿ ಟೀವಿ ಆರಿಸಿದಳು. ಈವರೆಗೆ ಊರಿನ ಮಾತನ್ನು ಇಂಗ್ಲಿಷಿಗೆ ಹಾಕುತ್ತಿದ್ದವಳು ಅಂದು ಇಂಗ್ಲಿಷನ್ನು ಊರಿನ ಮಾತಿಗೆ ಹಾಕಿದಳು. ಮೊದಲು ತನ್ನ ತಪ್ಪು ಹೇಳಿದಳು. ಆಮೇಲೆ ಡೆಸ್ಮಂಡನ ಮಾತನ್ನು ಮೊಣಕೈ, ಗೋಡೆ, ನಾಟಕ ಯಾವುದನ್ನೂ ಬಿಡದೆ ಹೇಳಿದಳು. ಇವರು ಹೋಗುತ್ತಾರೆ ಎಂದಳು. ಇಸ್ಪೀಟೆಲೆಗಳು ಮೇಜಿನ ಮೇಲೆ ಮಲಗಿದವು.

ಸಿಪ್ರಿಯಾನೊನಿಗೆ ಎಂಬತ್ತು ದಾಟಿತ್ತು. ಊರಿಗೆಲ್ಲ ಅವನು ಮಾವ. ಅವನಿಗೆ ರೇಗಿತು.

"ನಾನು ಹೇಳ್ಲಿಲ್ವೇನೇ? ಎರಡು ಸಲ ಹೋಗಿ ನೆಟ್ಟೇಬಿಟ್ರಾ ಅಂದೆ. ಇನ್ನೇನು ಅವನ ಕಾಲು ಮುರೀಬೇಕಿತ್ತಾ?"

"ಅವರಿಗೆ ಅದು ನಮಸ್ಕಾರ ಅಂದ ಹಾಗೆ ಕೇಳಿಸಿದೆ, ಮಾವ."

"ನಮಸ್ಕಾರ ಅನ್ನೋದಾಗಿದ್ರೆ ನಮಸ್ಕಾರ ಅಂತಿದ್ದೆ," ಎಂದ ಸಿಪ್ರಿಯಾನೊ. "ಪರರ ನೆಲಕ್ಕೆ ಹೋಗಿ ಯಜಮಾನಿಕೆ ಮಾಡೋದು ನಮ್ಮಪ್ಪ ನನಗೆ ಕಲಿಸಿಲ್ಲ."

ಅವನ ಮಾತಿಗೆ ತಲೆಯಾಡಿಸಿದವರೇ ಹೆಚ್ಚು. ನಾಚಿಕೆಯಾದವರು ಜೋರಾಗಿ ಮಾತಾಡಿದರು. ಯಾರೋ ಇಂಗ್ಲಿಷಮ್ಮನನ್ನು ನಂಬಿದ್ದೇ ತಪ್ಪು ಎಂದು ಗೊಣಗಿದ. ವಿಸಿ ಅದನ್ನು ಕೇಳಿಸಿಕೊಂಡಳು, ನುಂಗಿಕೊಂಡಳು. ಹಿಮದಲ್ಲಿ ಬೆಂಚು ಹಾಕಿಕೊಂಡು ಕೂತದ್ದು ಯಾರಿಗಾಗಿ ಎಂದು ಕೇಳಿದಳು. ಲಾರಿಗೆ ಎದೆ ಕೊಟ್ಟವರಿಗೆ ಪಕ್ಕದ ತೋಟದವನಿಗೆ ಒಂದು ಮಾತು ನೆಟ್ಟಗೆ ಹೇಳಲು ಬಾಯಿ ಬರಲಿಲ್ಲವಲ್ಲ ಎಂದಳು.

"ನಾಳೆ ಇಪ್ಪತ್ತೆರಡು," ಎಂದಳು. "ಎಲ್ಲರ ಮನೇಲೂ ಬೇಕಾದ್ದಕ್ಕೆ ಎರಡರಷ್ಟು ಸಸಿ ಇದೆ, ಮಿಕ್ಕಿದ್ದು ಕೋಳಿಗೆ ಹಾಕ್ತೀರಿ. ಬೆಳಿಗ್ಗೆ ಕೈಗಾಡಿ ತರ್ತೀನಿ. ದಾನ ಅಂತ ಕೊಡಬೇಡಿ, ದಂಡ ಅಂತ ಕೊಡಿ. ಮೊದಲನೇ ದಂಡ ನಂದು."

ಮರುದಿನ ತನ್ನ ಸಸಿಯನ್ನೆಲ್ಲ ಕೈಗಾಡಿಗೆ ಹೇರಿ ಹೊರಟಳು. ಊರು ಒಂದೇ ಸಲಕ್ಕೆ ಕರಗಿಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಎದೆಲ್‌ಮೀರಾ ಒಳ್ಳೆಯದನ್ನೇ ಆರಿಸಿ ಕೊಟ್ಟಳು. ಕೆಲವರು ಬಿಸಿಲು ಕಾಣದೆ ಉದ್ದುದ್ದ ಬೆಳೆದ ಬಡಕಲು ಸಸಿಗಳನ್ನು ಕೊಟ್ಟು ಕೈ ತೊಳೆದುಕೊಂಡರು. ಚರ್ಚಿನ ಬೀಗದ ಕೈ ಇಟ್ಟುಕೊಂಡವರ ಮನೆಯಲ್ಲಿ ಪರದೆಯ ಹಿಂದೆ ಯಾರೋ ನಿಂತಿದ್ದರೂ ಬಾಗಿಲು ತೆರೆಯಲಿಲ್ಲ. ಸಿಪ್ರಿಯಾನೊ ಒಂದು ಟ್ರೇ ತುಂಬ ತನ್ನ ಅಜ್ಜನ ಕಾಲದ ಬೀಜದ ಟೊಮೇಟೊ ಸಸಿಗಳನ್ನು ಗಾಡಿಗಿಟ್ಟು ಒಳಗೆ ಹೋದ. ಆದರೂ ನಾಲ್ಕೈದು ಜನ ಗಾಡಿಯ ಹಿಂದೆ ಹೊಳೆಯವರೆಗೆ ಬಂದು, ಗೋಡೆಯ ಆಚೆ ನಿಂತರು.

ಹೆಸ್ಟರ್ ಸಸಿಗಳನ್ನು ನೋಡಿದಳು. ಅವರನ್ನು ನೋಡಿದಳು. ಡೆಸ್ಮಂಡ್ ಮನೆಯಿಂದ ಹೊರಗೆ ಬರಲಿಲ್ಲ.

"ಸಸಿ ತಗೋತೀನಿ," ಎಂದಳು. "ಆದ್ರೆ ಸಸಿ ಸಾಲದು. ನಾವು ತಪ್ಪು ಮಾಡಿದಾಗ ಮುಖದ ಮೇಲೆ ಹೇಳ್ಬೇಕು. ಸುತ್ತಿ ಬಳಸಿ ಅಲ್ಲ. ಗೋಡೆ ಹಾರಿ ಬಂದು ಹೇಳಿ. ಹಾಗಾದ್ರೆ ಮಾತ್ರ ನಾನು ನನ್ನ ಗಂಡನ ಜೊತೆ ಮಾತಾಡ್ತೀನಿ."

ವಿಸಿ ಅದನ್ನು ಹೇಳಿದಾಗ ಬಂದವರು ತಮ್ಮ ತಮ್ಮ ಬೂಟು ನೋಡಿಕೊಂಡರು. ಒಣಗಿಸಿ ತೂಗುಹಾಕಿದ ಹಂದಿತೊಡೆ ಕೇಳಿದ್ದರೆ ಕೊಟ್ಟುಬಿಡುತ್ತಿದ್ದರು. ಇದು ಅದಕ್ಕಿಂತ ದುಬಾರಿ.

ಸಸಿ ನೆಟ್ಟಾಯಿತು, ಜೂನ್ ಬಂತು. ಊರು ಮಾತು ಕಲಿಯಲಿಲ್ಲ. ಎದೆಲ್‌ಮೀರಾ ಒಂದು ಸಲ ಧೈರ್ಯ ಮಾಡಿ ಹೋಗಿ, ಕಸ ಹಾಕುವ ಜಾಗ ಅದಲ್ಲ ಎಂದು ಹೇಳಲು ಹೊರಟು, ನಿಮ್ಮ ಜೆರೇನಿಯಂ ಹೂ ಚೆನ್ನಾಗಿದೆ ಎಂದು ಹೇಳಿ ಬಂದಳು. ಡೆಸ್ಮಂಡ್ ಹೆಂಡತಿಯ ಬಲವಂತಕ್ಕೆ ತೋಟದ ಕೆಲಸವೇನೋ ಮಾಡುತ್ತಿದ್ದ. ಮಕ್ಕಳ ಹೆಸರು ಮಾತ್ರ ಕೊಟ್ಟಿರಲಿಲ್ಲ. ವಿಸಿ ದಿನವೂ ತೋಟಕ್ಕೆ ಹೋಗುತ್ತಿದ್ದಳು. ಹವಾಮಾನದ ಚೀಟಿಗಳಿಗೆ ತಾರೀಖು ಸೇರಿಸುವ ಕೆಲಸ ಮುಗಿದಿತ್ತು, ಹೇಳಲು ಹೊಸದೇನೂ ಇರಲಿಲ್ಲ. ಹೋಗದಿದ್ದರೆ ಜೀವ ತಡೆಯುತ್ತಿರಲಿಲ್ಲ, ಅಷ್ಟೇ.

ತಿಂಗಳ ಕೊನೆಯ ವಾರ. ನಡು ಮಧ್ಯಾಹ್ನ, ಕಲ್ಲು ಮುಟ್ಟಿದರೆ ಕೈ ಸುಡುವ ಬಿಸಿಲು. ಡೆಸ್ಮಂಡ್ ಕಾಲುವೆಯ ತೂಬಿನ ಹಲಗೆ ಎತ್ತಿ ಸಾಲುಗಳಿಗೆ ಹೊಳೆಯ ನೀರು ಬಿಡುತ್ತಿದ್ದ. ದಿನವೂ ಅದೇ ಹೊತ್ತಿಗೆ ಬಿಡುತ್ತಿದ್ದ. ದಿನವೂ ಸಿಪ್ರಿಯಾನೊ ಗೋಡೆಯಾಚೆ ನಿಂತು ನೋಡುತ್ತಿದ್ದ. ತುಟಿ ಅಲುಗುತ್ತಿತ್ತು, ದನಿ ಬರುತ್ತಿರಲಿಲ್ಲ. ಅಂದು 'ಏನು, ನೀರು ಬಿಡ್ತಿದ್ದೀರಾ' ಎಂದು ಶುರುಮಾಡಿ, ಅರ್ಧಕ್ಕೆ ನಿಲ್ಲಿಸಿದ. ಊರುಗೋಲನ್ನು ಗೋಡೆಯ ಮೇಲಿಟ್ಟ. ಒಂದು ಕಾಲು ಎತ್ತಿ ಹಾಕಿದ, ಎರಡು ಕೈಯಲ್ಲಿ ಹಿಡಿದು ಇನ್ನೊಂದನ್ನು ಎತ್ತಿ ಹಾಕಿದ. ಪರರ ನೆಲಕ್ಕೆ ಕರೆಯದೆ ಕಾಲಿಟ್ಟದ್ದು ಅವನ ಬದುಕಿನಲ್ಲಿ ಅದೇ ಮೊದಲು.

"ಏ ದೆಸ್ಮೊಂದೊ, ನಿನ್ನ ತಲೇಲಿ ಇರೋದು ಮಿದುಳೋ ಬೂಸಾನೋ?" ಎಂದ. "ಈ ಉರಿ ಬಿಸಿಲಲ್ಲಿ ಮಂಜಿನಂಥ ನೀರು ಬಿಡ್ತೀಯಲ್ಲ, ಕತ್ತೆ, ಬೆವರಿದ ಮೈಮೇಲೆ ನಿನಗೆ ಯಾರಾದ್ರೂ ಹೊಳೆ ನೀರು ಸುರಿದ್ರೆ ಏನಾಗುತ್ತೆ? ನನ್ನಜ್ಜನ ಬೀಜ ಅದು. ಮೂರು ತಲೆಮಾರು ಉಳಿಸಿದ್ದನ್ನ ಒಂದೇ ತಿಂಗಳಲ್ಲಿ ಕೊಲ್ತಾ ಇದ್ದೀಯ. ಬೆಳಿಗ್ಗೆ ಬಿಡು, ಸೂರ್ಯ ಮೇಲೆ ಬರೋಕ್ಕೆ ಮುಂಚೆ ಬಿಡು. ಏಳೋಕಾಗಲ್ಲ ಅಂದ್ರೆ ಮಾರುಕಟ್ಟೆಗೆ ಹೋಗಿ ಟೊಮೇಟೊ ಕೊಂಡ್ಕೊಂಡು ತಿನ್ನು."

ಡೆಸ್ಮಂಡ್ ವಿಸಿಯ ಕಡೆ ತಿರುಗಿದ. ನೀರನ್ನು ಬೆಳಿಗ್ಗೆ ಬಿಟ್ಟರೆ ಒಳ್ಳೆಯದಂತೆ ಎಂದು ಒಂದೇ ಸಾಲಿನಲ್ಲಿ ಮುಗಿಸಬಹುದಿತ್ತು. ಆದರೆ ಇದು ಸಿಪ್ರಿಯಾನೊ ಗೋಡೆ ದಾಟಿ ಬಂದು ಆಡಿದ ಮಾತು. ವಿಸಿ ಬೂಸಾದಿಂದ ಶುರುಮಾಡಿದಳು. ಕತ್ತೆಯನ್ನೂ ಹೇಳಿದಳು, ಅಜ್ಜನನ್ನೂ ಹೇಳಿದಳು, ಮಾರುಕಟ್ಟೆಯನ್ನೂ ಹೇಳಿದಳು.

ಡೆಸ್ಮಂಡ್ ಪೂರ್ತಿ ಕೇಳಿಸಿಕೊಂಡ. ಹೋಗಿ ತೂಬಿನ ಹಲಗೆ ಇಳಿಸಿದ. ನೀರು ನಿಂತಿತು.

"ಇವರು ಇನ್ಮೇಲೆ ಯಾವಾಗಲೂ ಹೀಗೇ ಹೇಳ್ತಾರಾ?" ಎಂದು ಕೇಳಿದ.

ವಿಸಿ ಸಿಪ್ರಿಯಾನೊನನ್ನು ಕೇಳಿದಳು.

"ತಪ್ಪು ಮಾಡಿದಾಗೆಲ್ಲಾ," ಎಂದ ಮುದುಕ. "ಮಾಡದೇ ಇದ್ದಾಗ ಹೇಳೋಕೆ ನನಗೇನು ಬೇರೆ ಕೆಲಸ ಇಲ್ವಾ?"

ಡೆಸ್ಮಂಡ್ ಕೈಯ ಕೆಸರನ್ನು ಪ್ಯಾಂಟಿಗೆ ಒರೆಸಿಕೊಂಡ. ಮುದುಕನಿಗೆ ಕೂರಲು ಬಕೆಟ್ಟು ಬೋರಲು ಹಾಕಿದ. ಆಮೇಲೆ, ಎದೆಲ್‌ಮೀರಾ ಈ ಹೊತ್ತಿನಲ್ಲಿ ಬಾರಿನಲ್ಲಿ ಸಿಗುತ್ತಾಳೋ ಪಂಚಾಯಿತಿಯಲ್ಲೋ ಎಂದು ವಿಸಿಯನ್ನು ಕೇಳಿದ. ಮಕ್ಕಳಿಬ್ಬರ ಹೆಸರು ಕೊಡಬೇಕಿತ್ತು.

ಬಾರಿನಲ್ಲಿ ಎಂದು ಹೇಳಲು ವಿಸಿಗೆ ಪುರುಸೊತ್ತಾಗಲಿಲ್ಲ. ಬಕೆಟ್ಟಿನ ಮೇಲೆ ಕೂತ ಸಿಪ್ರಿಯಾನೊ ಗಿಡಗಳನ್ನು ಕೋಲಿಗೆ ಕಟ್ಟಿದ್ದ ರೀತಿಯನ್ನು ಆಗಷ್ಟೇ ಗಮನಿಸಿ, ಅದಕ್ಕೂ ಬೈಯಲು ಶುರುಮಾಡಿದ್ದ. ಅವಳು ಅದನ್ನು ಇಂಗ್ಲಿಷಿಗೆ ಹಾಕತೊಡಗಿದಳು.